ಸುಳ್ಳು ಕಲಿಸುತ್ತಿದ್ದ ಪಿ.ಟಿ. ಸರ್

ಸಂಜೆ ಶಾಲೆ ಬಿಟ್ಟ ಮೇಲೆ ನಾವು ನಾಲ್ಕೈದು ಮೇಷ್ಟ್ರು ಕೊಟ್ಟೂರು ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ಮಂಡಕ್ಕಿ-ಮಿರ್ಚಿಗೆ ಕೂರುತ್ತಿದ್ದೆವು. ತಟ್ಟೆ ಬಂದ ಕೂಡಲೇ ನಮ್ಮ ಪಿ.ಟಿ. ಸರ್ ಬಾಗಿಲ ಕಡೆ ನೋಡಿ, ಹುಬ್ಬೇರಿಸಿ, ಅರ್ಧ ಎದ್ದು ನಿಂತು, “ಬರ್ರಿ, ಬರ್ರಿ, ಇಲ್ಲೇ ಜಾಗ ಐತಿ” ಎನ್ನುತ್ತಿದ್ದರು. ನಾವೆಲ್ಲ ತಿರುಗಿ ನೋಡುತ್ತಿದ್ದೆವು. ಬಾಗಿಲಲ್ಲಿ ಒಂದು ನಾಯಿಯೂ ಇರುತ್ತಿರಲಿಲ್ಲ. ಈ ಕಡೆ ತಿರುಗುವಷ್ಟರಲ್ಲಿ ನನ್ನ ತಟ್ಟೆಯ ಮಿರ್ಚಿ ಅವರ ಬಾಯಿ ಸೇರಿರುತ್ತಿತ್ತು. ನಾನು ಗಣಿತ ಕಲಿಸುವವನು. ಮೊನ್ನೆ ಹೀಗಾಯಿತು, ನಿನ್ನೆ ಹೀಗಾಯಿತು, ಇವತ್ತೂ ಹೀಗೇ ಆಗುತ್ತದೆ ಎಂದು ಲೆಕ್ಕ ಹಾಕುವುದು ನನಗೆ ಕಷ್ಟವಲ್ಲ. ಒಂದು ದಿನ ಹಟ ಹಿಡಿದು ತಿರುಗಲೇ ಇಲ್ಲ. ತಟ್ಟೆಯನ್ನು ಎರಡೂ ಕೈಯಲ್ಲಿ ಅವಚಿಕೊಂಡು, “ನಿಮ್ಮ ಆಟ ಇವತ್ತು ನಡಿಯಂಗಿಲ್ರಿ, ಯಾರೂ ಬಂದಿಲ್ಲ ಅಂತ ಗೊತ್ತೈತಿ” ಎಂದು ಜೋರಾಗಿಯೇ ಅಂದೆ. ಅಂದು ಬಾಗಿಲಲ್ಲಿ ಹೆಡ್‌ಮಾಸ್ಟರ್ ನಿಂತಿದ್ದರು.

ಕಳೆದ ಬೇಸಿಗೆಯಲ್ಲಿ ಆ ಪಿ.ಟಿ. ಸರ್ ತೀರಿಕೊಂಡರು. ನಿವೃತ್ತರಾಗಿ ಬಹಳ ದಿನವೇನೂ ಆಗಿರಲಿಲ್ಲ. ಬೆಳಿಗ್ಗೆ ಚಹಾ ಕುಡಿದವರು ಎದೆ ಹಿಡಿದುಕೊಂಡರಂತೆ, ದಾವಣಗೆರೆಗೆ ಒಯ್ಯುವ ದಾರಿಯಲ್ಲಿ ಉಸಿರು ನಿಂತಿತಂತೆ. ಮನೆಯಂಗಳದಲ್ಲಿ ಮಲಗಿಸಿದ್ದ ಅವರ ಸುತ್ತ ನಿಂತವರಲ್ಲಿ ಅರ್ಧ ಜನ, ಈಗ ಎದ್ದು ನಮ್ಮನ್ನೆಲ್ಲ ನೋಡಿ ನಗುತ್ತಾರೆ ಎಂದು ಕಾಯುತ್ತಿದ್ದರು. ನಾನೂ ಕಾದೆ. ಅಷ್ಟು ವರ್ಷ ಅವರು ನಮ್ಮನ್ನು ಹಾಗೆ ಪಳಗಿಸಿದ್ದರು. ಅವರು ಏಳಲಿಲ್ಲ, ನನಗೆ ಅವರ ಮೇಲೆ ನಿಜವಾಗಿಯೂ ಸಿಟ್ಟು ಬಂತು.

ಅವರ ಹೆಸರು ಹಾಜರಿ ಪುಸ್ತಕದಲ್ಲಿತ್ತು, ಬಾಯಲ್ಲಿ ಯಾರೂ ಕರೆಯುತ್ತಿರಲಿಲ್ಲ. ಊರಿಗೆಲ್ಲ ಅವರು ಪಿ.ಟಿ. ಸರ್. ಗಿಡ್ಡ ಆಳು, ಮುಂದೆ ಬಂದ ಹೊಟ್ಟೆ, ಕೊರಳಲ್ಲಿ ಸೀಟಿ, ಹೆಗಲ ಮೇಲೆ ಯಾವಾಗಲೂ ಒಂದು ಟವೆಲ್. ಇಂಥವರು ಹುಡುಗಿಯರಿಗೆ ಬಾಸ್ಕೆಟ್‌ಬಾಲ್ ಕಲಿಸುತ್ತಾರೆ ಎಂದರೆ ಹೊಸಬರು ನಗುತ್ತಿದ್ದರು. ಅದು ಉದ್ದ ಮಂದಿಯ ಆಟವಲ್ಲವೇ ಎಂದು ನಾನೂ ಒಮ್ಮೆ ಕೇಳಿದ್ದೆ. “ಉದ್ದ ಇದ್ದವ್ರಿಗೆ ಆಟ ಯಾಕ ಕಲಿಸಬೇಕ್ರಿ? ಕೈ ಎತ್ತಿದ್ರ ರಿಂಗ್ ಸಿಗತೈತಿ. ಗಿಡ್ಡರಿಗೆ ದೇವ್ರು ಯಾಮಾರ್ಸೋ ವಿದ್ಯಾ ಕೊಟ್ಟಾನ. ಅದನ್ನ ಕಲಸಾಕ ನನ್ನ ಇಟ್ಟಾನ” ಎಂದರು.

ಯಾಮಾರಿಸುವ ವಿದ್ಯೆಯಲ್ಲಿ ಅವರಿಗೆ ಅನೇಕ ಅಧ್ಯಾಯಗಳಿದ್ದವು. ಚೆಂಡನ್ನು ಹಣೆಯ ತನಕ ಎತ್ತಿ, ಕಣ್ಣನ್ನು ರಿಂಗಿನ ಮೇಲೆ ನೆಟ್ಟು, ಈಗ ಎಸೆಯುತ್ತೇನೆ ಎಂಬಂತೆ ತೋರಿಸುವುದು. ಎದುರಿನವಳು ತಡೆಯಲು ಹಾರಿದ ಕೂಡಲೇ ಅವಳ ಕಂಕುಳ ಕೆಳಗಿಂದ ನುಗ್ಗಿ ಹೋಗುವುದು. ಬಲಗಾಲನ್ನು ಒಂದು ಹೆಜ್ಜೆ ಮುಂದೆ ಚುಚ್ಚಿ, ಅವಳು ಹಿಂದೆ ಸರಿದಾಗ ನಿಂತಲ್ಲೇ ಎಸೆಯುವುದು. ಎಡಗಡೆಯ ಗೆಳತಿಯನ್ನು ನೋಡಿ ನಕ್ಕು, ಬಲಗಡೆಯ ಗೆಳತಿಗೆ ಚೆಂಡು ಕೊಡುವುದು. ಹುಡುಗಿಯರು ಇವನ್ನೆಲ್ಲ ಗಡಿಬಿಡಿಯಲ್ಲಿ ಮಾಡಿ ಮುಗಿಸಿಬಿಡುತ್ತಿದ್ದರು. ಆಗ ಇವರು ಸೀಟಿ ಊದಿ ನಿಲ್ಲಿಸಿ, “ಅವ್ವಾ, ಸುಳ್ಳನ್ನ ಅವಸರದಾಗ ಹೇಳಬಾರ್ದು. ಎದುರಿಗೆ ನಿಂತಾಕಿಗೆ ನಂಬಾಕ ಟೈಮ್ ಕೊಡು. ಪಾಪ, ಆಕಿಗೂ ಒಂಚೂರು ಮರ್ಯಾದಿ ಐತಿ” ಎನ್ನುತ್ತಿದ್ದರು. ತಡೆಯುವವಳಿಗೆ ಹೇಳುತ್ತಿದ್ದ ಮಾತು ಬೇರೆ. ಕಣ್ಣು ನೋಡಬೇಡ, ಚೆಂಡು ನೋಡಬೇಡ, ಸೊಂಟ ನೋಡು. ಮನುಷ್ಯರು ಸೊಂಟ ಹೋದ ಕಡೆಗೇ ಹೋಗುವುದು.

ಈ ವಿದ್ಯೆ ಅವರಿಗೆ ತರಬೇತಿ ಕಾಲೇಜಿನಲ್ಲಿ ಬಂದದ್ದಲ್ಲ. ಅವರ ಅಪ್ಪ ಕುರಿ ಸಂತೆಯ ದಲ್ಲಾಳಿ. ನಮ್ಮ ಕಡೆಯ ಸಂತೆ ನೋಡಿದವರಿಗೆ ಗೊತ್ತು, ಅಲ್ಲಿ ದರವನ್ನು ಬಾಯಲ್ಲಿ ಹೇಳುವುದಿಲ್ಲ. ಇಬ್ಬರು ಕೈಗೆ ಕೈ ಕೊಟ್ಟು ಮೇಲೆ ಟವೆಲ್ ಮುಚ್ಚಿಕೊಳ್ಳುತ್ತಾರೆ. ಒಳಗೆ ಬೆರಳು ಹಿಡಿದು, ಒತ್ತಿ, ದರ ಮಾಡುತ್ತಾರೆ. ಹೊರಗೆ ಬಾಯಿ ಮಾತ್ರ ಮಳೆ, ಬೆಳೆ, ಬೀಗರ ಮನೆಯ ಊಟ ಎಂದು ಏನೇನೋ ಹರಟುತ್ತಿರುತ್ತದೆ, ಇಲ್ಲವೇ “ಇದು ಕುರಿನೋ ಬೆಕ್ಕೋ?” ಎಂದು ಬೈಯುತ್ತಿರುತ್ತದೆ. ಸುತ್ತ ನಿಂತವರಿಗೆ ಕಾಣುವುದು ಮುಖ, ಮುಖದಿಂದ ಏನೂ ತಿಳಿಯುವುದಿಲ್ಲ. “ಆದ್ರ ಒಂದು ಕಟ್ಟು ಐತ್ರಿ” ಎಂದು ಪಿ.ಟಿ. ಸರ್ ನನಗೆ ಹೇಳಿದ್ದರು. “ಮಾರಿ ಎಷ್ಟ್ ಬೇಕಾದ್ರೂ ಸುಳ್ಳು ಹೇಳ್ಲಿ, ಟವೆಲ್ ಕೆಳಗಿನ ಕೈ ಹೇಳಂಗಿಲ್ಲ. ಹೇಳಿದವನ ಕೈ ಮತ್ಯಾರೂ ಹಿಡಿಯಂಗಿಲ್ಲ.”

ಅದನ್ನೇ ಅವರು ಆಟದ ಅಂಕಣಕ್ಕೆ ತಂದರು. ಇಬ್ಬರು ಹುಡುಗಿಯರ ಕೈ ಕೂಡಿಸಿ ಮೇಲೆ ತಮ್ಮ ಟವೆಲ್ ಹೊದಿಸುತ್ತಿದ್ದರು. ಹೆಬ್ಬೆರಳು ಒತ್ತಿದರೆ ಬಲಕ್ಕೆ ಓಟ, ಕಿರುಬೆರಳು ಒತ್ತಿದರೆ ಎಡಕ್ಕೆ. ಒತ್ತುತ್ತಿರುವಾಗ ಬಾಯಿ ಬೇರೆ ಮಾತಾಡುತ್ತಿರಬೇಕು. ಎದುರು ನಿಂತವಳು ಇವರ ಮುಖ ನೋಡಿ ಯಾವ ಕಡೆ ಎಂದು ಕಂಡುಹಿಡಿಯಬೇಕು. ಹೆಡ್‌ಮಾಸ್ಟರ್ ಒಮ್ಮೆ ಆ ಕಡೆ ಹಾದುಹೋಗುವಾಗ ಇಬ್ಬರು ಹುಡುಗಿಯರು ಟವೆಲ್ ಕೆಳಗೆ ಕೈ ಇಟ್ಟುಕೊಂಡು “ನಿಮ್ಮನ್ಯಾಗ ಇವತ್ತು ಏನ್ ಸಾರೇ?” “ಹುರುಳಿಕಟ್ಟಿನ ಸಾರೇ” ಎಂದು ಗಂಭೀರವಾಗಿ ಮಾತಾಡುತ್ತಿದ್ದರು.

“ಏನ್ರಿ ಇದು, ಹೆಣ್ಮಕ್ಕಳಿಗೆ ಕುರಿ ವ್ಯಾಪಾರ ಕಲಸಾಕತ್ತೀರೇನು?” ಎಂದರು ಹೆಡ್‌ಮಾಸ್ಟರ್.

“ಇಲ್ರಿ ಸರ್, ಚೆಂಡಿನ ವ್ಯಾಪಾರ” ಎಂದರು ಇವರು.

ನನಗೆ ಮೊದಮೊದಲು ಇದೆಲ್ಲ ಸರಿ ಕಾಣುತ್ತಿರಲಿಲ್ಲ. ಮಕ್ಕಳಿಗೆ ಸತ್ಯ ಹೇಳಿ ಎಂದು ಪ್ರಾರ್ಥನೆಯಲ್ಲಿ ಹೇಳಿಸುವುದು, ಸಂಜೆ ಸುಳ್ಳು ಕಲಿಸುವುದು, ಇದೆಂಥ ಶಾಲೆ ಎಂದು ಜಗಳ ತೆಗೆದಿದ್ದೆ. ಅವರು ನಗಲಿಲ್ಲ. “ಆಟದಾಗ ಎದುರಿನವ್ರಿಗೂ ಗೊತ್ತಿರತೈತ್ರಿ, ನಾವು ಯಾಮಾರ್ಸಾಕ ಬಂದೀವಿ ಅಂತ. ಗೊತ್ತಿದ್ದವ್ರನ್ನ ಯಾಮಾರ್ಸಿದ್ರ ಆಟ. ಗೊತ್ತಿಲ್ದವ್ರನ್ನ ಯಾಮಾರ್ಸಿದ್ರ ಮೋಸ. ನಿಮ್ಮ ಮಿರ್ಚಿ ತಿಂದದ್ದೂ ಆಟನಾ ಮತ್ತ” ಎಂದರು. ಆಮೇಲೆ ನಾನು ಆ ವಿಷಯ ಎತ್ತಲಿಲ್ಲ.

ಸ್ಟಾಫ್ ರೂಮಿನಲ್ಲಿಯೂ ಅವರ ಆಟ ನಿಲ್ಲುತ್ತಿರಲಿಲ್ಲ. ದೂರದ ಊರಿನ ಡ್ಯೂಟಿ ಬಂದರೆ ಮೊದಲು ಕೈ ಎತ್ತುವವರು ಅವರೇ. “ಹಂಪಸಾಗರಕ್ಕ ನನ್ನ ಹಾಕ್ರಿ ಸರ್, ನದಿ ನೋಡಿ ಭಾಳ ದಿನ ಆತು.” ಹೆಡ್‌ಮಾಸ್ಟರಿಗೆ ಕೂಡಲೇ ಅನುಮಾನ. ಇವರಿಗೆ ಅಲ್ಲಿ ಏನೋ ಸ್ವಂತ ಕೆಲಸವಿದೆ, ಶಾಲೆಯ ಖರ್ಚಿನಲ್ಲಿ ಮುಗಿಸಿಕೊಳ್ಳಲು ನೋಡುತ್ತಿದ್ದಾರೆ ಎಂದು ತಿಳಿದು, ಡ್ಯೂಟಿಯನ್ನು ಇನ್ನೊಬ್ಬರಿಗೆ ಹಾಕುತ್ತಿದ್ದರು. ಆ ಇನ್ನೊಬ್ಬ ಸಾಮಾನ್ಯವಾಗಿ ನಾನೇ. ಮನೆಯಲ್ಲಿ ಮಾತ್ರ ಅವರ ಬೇಳೆ ಬೇಯುತ್ತಿರಲಿಲ್ಲ. “ನಾನು ಅವ್ರ ಮಾರಿ ನೋಡಂಗೇ ಇಲ್ರಿ ಅಣ್ಣಾರ” ಎಂದು ಅವರ ಹೆಂಡತಿ ನನಗೆ ಹೇಳಿದ್ದರು. “ಚಪ್ಲಿ ನೋಡ್ತೀನಿ. ಒಳಗ ತುದಿ ಮಾಡಿ ಬಿಟ್ಟಿದ್ರ ಮನ್ಯಾಗ ಇರ್ತಾರ, ಹೊರಗ ತುದಿ ಮಾಡಿ ಬಿಟ್ಟಿದ್ರ ಊಟ ಮುಗದ್ಮ್ಯಾಲ ಎಲ್ಲೋ ಓಡಾಕ ನಿಂತಾರ ಅಂತ ಅರ್ಥ.”

ಹರಪನಹಳ್ಳಿಯಲ್ಲಿ ನಡೆದ ಒಂದು ಪಂದ್ಯಕ್ಕೆ ನಾನೂ ಹೋಗಿದ್ದೆ. ಎದುರಿನ ತಂಡದ ಹುಡುಗಿಯರು ನಮ್ಮವರಿಗಿಂತ ಒಂದು ತಲೆ ಎತ್ತರ. ನಮ್ಮ ತಂಡದ ನಾಯಕಿ ಕಾನಹೊಸಹಳ್ಳಿ ಕಡೆಯ ಹುಡುಗಿ, ಕುರಿ ಕಾಯುವವರ ಮನೆಯವಳು, ನಮ್ಮೂರಿನ ಹಾಸ್ಟೆಲಿನಲ್ಲಿದ್ದಳು. ಅವಳು ಚೆಂಡು ಹಿಡಿದು ನಿಂತು, ಎಡಮೂಲೆಯ ಗೆಳತಿಯನ್ನು ನೋಡಿ, “ಎಲ್ಲಿ ನಿಂತೀಯೇ? ಅಲ್ಲಿ ನಿಲ್ಲಂತ ಹೇಳಿದ್ರೇನು?” ಎಂದು ಗದರಿದಳು. ಎದುರಿನ ಉದ್ದನೆಯ ಹುಡುಗಿ ಪಾಪ, ಯಾರು ಎಲ್ಲಿ ತಪ್ಪು ನಿಂತಿದ್ದಾರೆ ಎಂದು ಆ ಕಡೆ ನೋಡಿದಳು. ನಮ್ಮವಳು ಅವಳ ಪಕ್ಕದಿಂದಲೇ ಹೋಗಿ ಚೆಂಡು ಹಾಕಿ ಬಂದಳು. ಬೈಸಿಕೊಂಡ ಗೆಳತಿ ಅಲ್ಲೇ ನಿಂತು ಚಪ್ಪಾಳೆ ತಟ್ಟುತ್ತಿದ್ದಳು. ಆ ಶಾಲೆಯ ಮೇಷ್ಟ್ರು ಕೆಂಪಾಗಿ ಬಂದು, “ನಿಮ್ಮ ಹುಡುಗೀರು ಆಡಾಕ ಬಂದಾರೋ ನಾಟಕ ಮಾಡಾಕ ಬಂದಾರೋ?” ಎಂದರು. “ಎರಡೂ ಒಂದ ಟಿಕೀಟಿನ್ಯಾಗ ತೋರಿಸ್ತೀವ್ರಿ” ಎಂದರು ನಮ್ಮ ಸರ್. ಬರುವಾಗ ಬಸ್ಸಿನಲ್ಲಿ ಹುಡುಗಿಯರು ಒಬ್ಬರನ್ನೊಬ್ಬರು ಯಾಮಾರಿಸಿ ಕಿಟಕಿ ಸೀಟು ಕಸಿದುಕೊಳ್ಳುತ್ತಿದ್ದರು.

ಇವರ ಆಟಕ್ಕೆ ಊರಲ್ಲಿ ಅತಿ ಹೆಚ್ಚು ಸಿಕ್ಕಿಬಿದ್ದವರು ನಮ್ಮ ಶಾಲೆಯ ಆಡಳಿತ ಮಂಡಳಿಯ ಕಾರ್ಯದರ್ಶಿ, ಎಣ್ಣೆ ಮಿಲ್ಲಿನ ಸಾಹುಕಾರರು. ಇಬ್ಬರೂ ಇದೇ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದವರು, ಇದೇ ಅಂಕಣದಲ್ಲಿ ಎದುರುಬದುರಾಗಿ ಆಡಿದವರು. ಸಾಹುಕಾರರು ಆರಡಿ ಆಳು. ಇವರು ಚೆಂಡು ಎತ್ತಿದಂತೆ ಮಾಡಿದರೆ ಸಾಕು, ಅವರು ಹಾರುತ್ತಿದ್ದರಂತೆ. ಕೆಳಗೆ ಇಳಿಯುವಷ್ಟರಲ್ಲಿ ಚೆಂಡು ರಿಂಗಿನಲ್ಲಿ ಇರುತ್ತಿತ್ತಂತೆ. ಕೂದಲು ಬೆಳ್ಳಗಾದ ಮೇಲೂ ಪಿ.ಟಿ. ಸರ್ ಅವರನ್ನು ಬಜಾರಿನಲ್ಲಿ ಕಂಡರೆ ಖಾಲಿ ಕೈಯನ್ನು ಹಣೆಯ ತನಕ ಎತ್ತಿ ತೋರಿಸುತ್ತಿದ್ದರು. ಸಾಹುಕಾರರು ಗಲ್ಲಾಪೆಟ್ಟಿಗೆಯ ಹಿಂದೆ ಕೂತಲ್ಲಿಂದಲೇ, “ಹೋಗಲೇ, ಇನ್ನ ನಿನಗ ಹಾರಾಂಗಿಲ್ಲ ನಾನು. ಆಣಿ ಮಾಡೀನಿ” ಎನ್ನುತ್ತಿದ್ದರು. ಅವರು ಮಾತಿಗೆ ಹಾಗೆ ಅಂದದ್ದಲ್ಲ ಎಂದು ನಮಗೆ ಆಮೇಲೆ ತಿಳಿಯಿತು.

ಪಿ.ಟಿ. ಸರ್ ನಿವೃತ್ತಿಗೆ ಹತ್ತಿರವಾಗಿದ್ದಾಗ ಆಡಳಿತ ಮಂಡಳಿಯವರಿಗೆ ಬಸ್ ಸ್ಟ್ಯಾಂಡ್ ರಸ್ತೆಯ ಕಡೆ ಮಳಿಗೆ ಕಟ್ಟುವ ಆಸೆ ಹುಟ್ಟಿತು. ರಸ್ತೆಗೆ ತಾಗಿದ ಜಾಗ ಎಂದರೆ ಬಾಸ್ಕೆಟ್‌ಬಾಲ್ ಅಂಕಣವೇ. ಅದನ್ನು ಒಡೆದು ಮಳಿಗೆ ಕಟ್ಟುವುದು, ಆಟಕ್ಕೆ ಶಾಲೆಯ ಹಿಂದಿನ ಬಯಲು ಕೊಡುವುದು ಎಂದು ಮಾತಾಯಿತು. ಕೇಳಿದರೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಅಂಕಣಕ್ಕೆ ಸುತ್ತ ಎತ್ತರದ ಕಾಂಪೌಂಡ್ ಗೋಡೆ ಇತ್ತು, ಹಿಂದಿನ ಬಯಲಿಗೆ ಏನೂ ಇರಲಿಲ್ಲ. ಅದರ ಪಕ್ಕದಲ್ಲೇ ಹೊಸ ರಸ್ತೆ, ರಸ್ತೆಯ ಮೇಲೆ ಬೈಕು ನಿಲ್ಲಿಸಿ ಕೂತ ಪುಂಡರು. ಊರಲ್ಲಿ ಗಂಡು ಹುಡುಗರು ಎಲ್ಲಿ ಬೇಕಾದರೂ ಆಡಿಕೊಳ್ಳುತ್ತಾರೆ. ಹೆಣ್ಣುಮಕ್ಕಳು ಚಡ್ಡಿ ಹಾಕಿ ಕುಣಿದಾಡಲು ಇದ್ದದ್ದು ಆ ಗೋಡೆಯ ಒಳಗಿನ ಜಾಗ ಒಂದೇ. ಗೋಡೆ ಇದೆ ಎಂಬ ಧೈರ್ಯದಿಂದಲೇ ಮನೆಯವರು ಕಳಿಸುತ್ತಿದ್ದರು. ಅಂಕಣ ಹೋದರೆ ಹುಡುಗಿಯರ ಆಟವೂ ಹೋದಂತೆಯೇ. ಇದು ಪಿ.ಟಿ. ಸರ್‌ಗೆ ಗೊತ್ತಿತ್ತು, ನಮಗೂ ಗೊತ್ತಿತ್ತು.

ಅವರು ತಮಗೆ ತಿಳಿದ ದಾರಿಯನ್ನೇ ಹಿಡಿದರು. ಸಾಹುಕಾರರ ಮಿಲ್ಲಿಗೆ ಹೋಗಿ, ನಾಲ್ಕು ಜನರ ಎದುರು, “ಅಂಕಣ ತೆಗದುಬಿಡ್ರಿ ಸಾವ್ಕಾರ್ರ. ನನಗ ಸಾಕಾಗೈತಿ. ಹುಡುಗೀರು ಮಾತು ಕೇಳಂಗಿಲ್ಲ, ದಿನಾ ಕಾಲು ಉಳುಕಿಸ್ಕೊಂತಾರ. ಮಳಿಗಿ ಕಟ್ರಿ, ಶಾಲಿಗೆ ಆದಾಯ ಆಗ್ಲಿ” ಎಂದರು. ಇವರು ತೆಗೆಯಿರಿ ಎಂದರೆ ಅವರು ಅನುಮಾನಪಟ್ಟು ಉಳಿಸುತ್ತಾರೆ ಎಂಬುದು ಇವರ ಲೆಕ್ಕ. ಹಂಪಸಾಗರದ ಡ್ಯೂಟಿಯ ಲೆಕ್ಕವೇ ಇದು. ಸಾಹುಕಾರರು ಅವರನ್ನೇ ನೋಡಿದರು. ಆಮೇಲೆ, “ಪಿ.ಟಿ. ಮಾಸ್ತರೇ ಹೇಳಿದ್ಮ್ಯಾಲ ಮುಗೀತು ಬಿಡ್ರಿ” ಎಂದರು. ಆಣೆ ಮಾಡಿದವರು ಹಾರಲಿಲ್ಲ. ಮರುವಾರವೇ ಟ್ರ್ಯಾಕ್ಟರಿನಲ್ಲಿ ಮಳಿಗೆ ಕಟ್ಟುವ ಸೈಜುಗಲ್ಲುಗಳು ಬಂದು ಅಂಕಣದ ಪಕ್ಕದಲ್ಲಿ ಬಿದ್ದವು.

ಆ ಸಂಜೆ ಹುಡುಗಿಯರು ಕಲ್ಲಿನ ರಾಶಿ ನೋಡಿ ಆಟ ಬಿಟ್ಟು ನಿಂತಿದ್ದರು. ಕಾನಹೊಸಹಳ್ಳಿಯ ನಾಯಕಿ ಬಂದು, “ಸರ್, ಇದೂ ಫೇಕ್ ಏನ್ರಿ?” ಎಂದು ಕೇಳಿದಳು. ಅವರು ಕಲ್ಲಿನ ಕಡೆ ನೋಡಿದರು. ಅವಳು, “ಹಿಂದಿನ ಬಯಲಾಗ ಆಡ್ತೀನಿ ಅಂದ್ರ ನಮ್ಮಪ್ಪ ಊರಿಗೆ ಕರ್ಕೊಂಡು ಹೋಗ್ತಾನ್ರಿ” ಎಂದು ಹೇಳಿ ಚೆಂಡನ್ನು ಅವರ ಕೈಗೆ ಕೊಟ್ಟು ಹಾಸ್ಟೆಲಿಗೆ ಹೊರಟುಹೋದಳು. ನಾನು ಪಕ್ಕದಲ್ಲೇ ಇದ್ದೆ. ಮಾತಿಗೆ ಮಾತು ಸಿಗದೆ ಅವರು ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮಾರನೆಯ ದಿನ ಅವರ ಮನೆಗೆ ಹೋದೆ. ಚಪ್ಪಲಿ ಬಾಗಿಲಲ್ಲಿ ಅಲ್ಲೊಂದು ಇಲ್ಲೊಂದು ಬಿದ್ದಿದ್ದವು. ಒಳಗೆ ಕೂತಿದ್ದರು. “ಈ ಸಲ ಹಾರಿದವ ನಾನ್ರಿ ಲೆಕ್ಕದ ಮಾಸ್ತರ್ರ. ಅವ ನೆಲ ಬಿಟ್ಟು ಮ್ಯಾಲೇಳಲಿಲ್ಲ” ಎಂದರು. ಮುಂದೇನು ಮಾಡುತ್ತೀರಿ ಎಂದು ಕೇಳಿದೆ. “ನನ್ನ ಚೀಲ ಖಾಲಿ ಆತು. ಖರೇ ಹೇಳೋದು ಒಂದ ಉಳದೈತಿ” ಎಂದರು. ಇದರಲ್ಲಿ ಏನೋ ಹೂಟ ಇದೆ ಎಂದು ನನಗೆ ಒಳಗೊಳಗೇ ನಗು ಬಂತು. ನನ್ನ ಮುಖ ನೋಡಿ ಅವರಿಗೂ ಅದು ತಿಳಿದಿರಬೇಕು. ಅವರು ಹೆಂಡತಿಗೆ ಚಹಾ ಇಡಲು ಹೇಳಿದರು.

ಆಡಳಿತ ಮಂಡಳಿಯ ಸಭೆಗೆ ಶಿಕ್ಷಕರ ಪರವಾಗಿ ನಾನು ಕೂತಿದ್ದೆ. ಮಂಡಳಿಯವರಲ್ಲಿ ಹೆಚ್ಚಿನವರು ಆಗಲೇ ಮನಸ್ಸಿನಲ್ಲಿ ತಮ್ಮ ತಮ್ಮ ಮಕ್ಕಳಿಗೆ, ಅಳಿಯಂದಿರಿಗೆ ಮಳಿಗೆ ಹಂಚಿಕೊಂಡಿದ್ದರು. ಪಿ.ಟಿ. ಸರ್ ಬಂದು ಕೈಮುಗಿದು ನಿಂತರು. ಟವೆಲ್ ಹೆಗಲ ಮೇಲೆ ಇರಲಿಲ್ಲ, ಕೈಯಲ್ಲಿ ಹಿಂಡಿಕೊಂಡಿದ್ದರು.

“ಅವತ್ತು ಮಿಲ್ಲಿನ್ಯಾಗ ನಾನು ಹೇಳಿದ್ದು ಸುಳ್ರಿ. ನನಗ ಆ ಅಂಕಣ ಬೇಕು. ಹಿಂದಿನ ಬಯಲು ಬ್ಯಾಡ. ಅಲ್ಲಿ ಗ್ವಾಡಿ ಇಲ್ಲ, ಹೆಣ್ಮಕ್ಕಳು ಬರಂಗಿಲ್ಲ. ಗ್ವಾಡಿ ಇದ್ದಲ್ಲೇ ಬಿಟ್ಟುಬಿಡ್ರಿ. ಇಷ್ಟ ನಾ ಕೇಳೋದು. ನಿಮ್ಮ ಕಾಲು ಹಿಡ್ಕೊಂತೀನಿ” ಎಂದರು. ದನಿ ನಡುಗುತ್ತಿತ್ತು. ಸಭೆಯಲ್ಲಿ ಯಾರೂ ಅದನ್ನು ನಂಬಲಿಲ್ಲ. ನಟನೆ ಭಾಳ ಚಲೋ ಇದೆ ಎಂಬಂತೆ ಒಬ್ಬರು ಪಕ್ಕದವರನ್ನು ತಿವಿದರು. ನಾನೂ ಅರ್ಧ ಹಾಗೆಯೇ ಅಂದುಕೊಂಡೆ.

ಸಾಹುಕಾರರು ಮೀಸೆ ತೀಡಿಕೊಂಡು ಎಲ್ಲರ ಕಡೆ ತಿರುಗಿದರು. “ಕೇಳಿದ್ರೇನು? ಹಿಂದಿನ ಬಯಲು ಬ್ಯಾಡಂತ. ಇವ ಬ್ಯಾಡ ಅಂದದ್ದನ್ನ ಇವಗ ಬೇಕು ಅಂತ ತಿಳ್ಕೋಬೇಕು, ನಾನು ಚಡ್ಡಿ ಹಾಕೋ ಕಾಲದಿಂದ ಇವನ್ನ ನೋಡೀನಿ. ಬಯಲು ದೊಡ್ಡದೈತಿ. ಹೊಸಾ ಅಂಕಣ, ಹೊಸಾ ಕಂಬ, ಲೈಟು, ಸುತ್ತ ಗ್ವಾಡಿ, ಎಲ್ಲಾ ನಮ್ಮ ಖರ್ಚಿನ್ಯಾಗ ಹೊಡಕೊಳ್ಳಾಕ ಈ ಅಳು. ಕೊಡಂಗಿಲ್ಲಲೇ! ಒಂದು ಅಡಿ ಬಯಲೂ ನಿನಗ ಕೊಡಂಗಿಲ್ಲ. ಆ ಹಳೇ ಅಂಕಣದಾಗ ಬಿದ್ದಿರು. ಮಳಿಗಿ ಹಿಂದಿನ ಬಯಲಾಗ ಕಟ್ಟೋಣ್ರಿ, ನಾಳೆ ಹೊಸಾ ರಸ್ತೆ ಕಡೇನ ವ್ಯಾಪಾರ ಎಲ್ಲಾ ಬರತೈತಿ.”

ಸಭೆಯಲ್ಲಿ ಎಲ್ಲರ ಮುಖ ಅರಳಿತು. ಪಿ.ಟಿ. ಸರ್ ಕೈಯಲ್ಲಿ ಯಾಮಾರಿದವರು ಎನಿಸಿಕೊಳ್ಳಲು ಆ ಊರಲ್ಲಿ ಯಾರಿಗೂ ಇಷ್ಟವಿರಲಿಲ್ಲ. ಎಲ್ಲರ ತಟ್ಟೆಯಿಂದಲೂ ಒಮ್ಮೆಯಾದರೂ ಮಿರ್ಚಿ ಹೋಗಿತ್ತು. “ಹೌದ್ರಿ, ಸಾವ್ಕಾರ್ರು ಸರಿಯಾಗಿ ಹಿಡದ್ರು” ಎಂದು ಒಬ್ಬರಾದ ಮೇಲೊಬ್ಬರು ತಲೆಯಾಡಿಸಿದರು. ಸಾಹುಕಾರರು ಎದ್ದು ಬಂದು, “ಕೈ ಕೊಡಲೇ. ನಿಮ್ಮಪ್ಪನ ಪದ್ಧತಿ ಪ್ರಕಾರನಾ ಮುಗಿಸಿಬಿಡೋಣ” ಎಂದು ಇವರ ಕೈ ಹಿಡಿದು, ಇವರದೇ ಟವೆಲ್ಲನ್ನು ಮೇಲೆ ಹೊದಿಸಿದರು. ಸಭೆ ಗೊಳ್ಳೆಂದಿತು. ಸಾಹುಕಾರರ ಬಾಯಿ, “ಕಳ್ಳ, ಸುಳ್ಳ, ಈ ವಯಸ್ಸಿನ್ಯಾಗೂ ಬುದ್ಧಿ ಬರ್ಲಿಲ್ಲ ನಿನಗ” ಎಂದು ಬೈಯುತ್ತಲೇ ಇತ್ತು. ಪಿ.ಟಿ. ಸರ್ ತಲೆ ತಗ್ಗಿಸಿ ನಿಂತಿದ್ದರು. ಸಭೆ ಮುಗಿಯಿತು, ಠರಾವು ಆಯಿತು, ಅಂಕಣ ಉಳಿಯಿತು.

ಹೊರ ಬಂದ ಮೇಲೆ ನಾನು ಕುಣಿಯುವುದೊಂದು ಬಾಕಿ. “ಏನ್ ಹೊಡೆತ ಹೊಡದ್ರಿ ಸರ್! ಖರೇ ಮಾತನ್ನಾ ಫೇಕ್ ಮಾಡಿದ್ರಲ್ರಿ!” ಎಂದೆ. ಅವರು ನಗಲಿಲ್ಲ. ಕಲ್ಲಿನ ರಾಶಿಯ ಮೇಲೆ ಕೂತು ಟವೆಲ್‌ನಿಂದ ಮುಖ ಒರೆಸಿಕೊಂಡರು.

“ಫೇಕ್ ಎಲ್ಲಿ ಮಾಡೀನ್ರಿ? ಅಂಜಿಕಿ ಬಂದಿತ್ತು ನನಗ. ಅಂಗಲಾಚಾಕ ಹೋಗಿದ್ದೆ. ನಾನು ಏನೂ ತೋರಿಸ್ಲಿಲ್ಲ, ನೆಟ್ಟಗ ಹೋದೆ. ಮತ್ತ ಅವ ಯಾವುದಕ್ಕ ಹಾರಿದ?”

ನನಗೆ ಆಗಲೂ ತಿಳಿಯಲಿಲ್ಲ. ಅವರೇ ಬಿಡಿಸಿ ಹೇಳಿದರು. “ಮಾರಿ ಬೈಯಾಕತ್ತಿತ್ತು. ಟವೆಲ್ ಕೆಳಗ ಬೆರಳು ಏನೂ ಕೇಳ್ಲಿಲ್ರಿ. ಸುಮ್ನ ನನ್ನ ಕೈ ಹಿಡಕೊಂಡಿದ್ದ. ಬಿಗಿಯಾಗಿ. ನಾನು ಬಿಡಿಸ್ಕೊಳ್ಳಾಕ ಹೋದ್ರೂ ಬಿಡ್ಲಿಲ್ಲ. ಅವಗ ಎಲ್ಲಾ ತಿಳದೈತ್ರಿ. ನೇರ ಬಿಟ್ಟುಕೊಟ್ರ ಆ ಮಂದಿ ಅವನ್ನ ಹರಕೊಂಡು ತಿಂತಿದ್ರು. ಅದಕ್ಕ ನನಗೋಸ್ಕರ ಹಾರಿದಂಗ ಮಾಡ್ಯಾನ.”

ಆಮೇಲೆ ನನ್ನ ಮೊಣಕಾಲು ತಟ್ಟಿ, “ಇದು ನನಗ ಗೊತ್ತಾಗೈತಿ ಅಂತ ಅವಗ ಯಾವತ್ತೂ ಹೇಳಬ್ಯಾಡ್ರಿ. ಜೀವಮಾನದಾಗ ಒಂದ ಸಲ ನನ್ನ ಯಾಮಾರ್ಸೀನಿ ಅಂತ ಖುಷೀಲಿ ಇರ್ಲಿ” ಎಂದರು. ಮರುದಿನ ಬಜಾರಿನಲ್ಲಿ ಸಾಹುಕಾರರನ್ನು ಕಂಡು, “ಹೆಂಗ ಹಾರಿಸಿದೆ ನಿನ್ನ!” ಎಂದು ಎಂದಿನಂತೆ ಕೈ ಎತ್ತಿ ತೋರಿಸಿದರಂತೆ. ಸಾಹುಕಾರರು ಸೋತವರ ಹಾಗೆ ಹಣೆ ಚಚ್ಚಿಕೊಂಡರಂತೆ. ಪಿ.ಟಿ. ಸರ್ ನಿವೃತ್ತರಾಗುವ ತನಕ, ಆಮೇಲೂ, ಇದು ನಡೆದೇ ಇತ್ತು. ಇಬ್ಬರನ್ನೂ ನೋಡುವಾಗ ನನಗೆ ನಗು ತಡೆಯುವುದು ಕಷ್ಟವಾಗುತ್ತಿತ್ತು.

ಪಿ.ಟಿ. ಸರ್ ಅವರನ್ನು ಮಣ್ಣು ಮಾಡಿ ಬಂದ ಮೂರನೆಯ ದಿನವೋ ನಾಲ್ಕನೆಯ ದಿನವೋ ಸಾಹುಕಾರರು ಶಾಲೆಗೆ ಬಂದರು. ನನ್ನನ್ನು ಕರೆದುಕೊಂಡು ಅಂಕಣದ ಪಕ್ಕದ ಕಟ್ಟೆಯ ಮೇಲೆ ಕೂತರು. ಬೇಸಿಗೆ ರಜೆ, ಆದರೂ ಊರಿನ ಹುಡುಗಿಯರು ಆಡುತ್ತಿದ್ದರು. ಒಬ್ಬ ಗಿಡ್ಡ ಹುಡುಗಿ ಚೆಂಡು ಎತ್ತಿದಂತೆ ಮಾಡಿದಳು, ಎದುರಿನವಳು ಹಾರಿದಳು. ಸಾಹುಕಾರರು ಅದನ್ನು ನೋಡಿ ನನ್ನ ಕಡೆ ತಿರುಗಿದರು.

“ಮಾಸ್ತರ್ರ, ಒಂದು ಮಾತು ಹೇಳ್ತೀನಿ, ಯಾರ ಮುಂದೂ ಆಡಬ್ಯಾಡ್ರಿ. ಅವತ್ತು ಸಭಾದಾಗ ನಾನು ಯಾಮಾರಿರ್ಲಿಲ್ಲ. ಅವ ಖರೇನಾ ಬೇಡಾಕ ಬಂದಾನ ಅಂತ ನೋಡಿದ ಕೂಡ್ಲೇ ಗೊತ್ತಾತು. ಅವನ ದನಿ ಹಂಗ ನಡುಗಿದ್ದನ್ನ ನಾನು ಯಾವತ್ತೂ ಕೇಳಿದ್ದಿಲ್ಲ. ಮಿಲ್ಲಿಗೂ ಯಾಮಾರ್ಸಾಕ ಬಂದ ಅನ್ನೋ ಸಿಟ್ಟಿನ್ಯಾಗ ಕಲ್ಲು ಹಾಕಿಸಿದವ ನಾನಾ. ಆ ಅಂಕಣದಾಗ ನಾನೂ ಆಡೀನಲ್ರಿ. ಮಂದಿ ಮುಂದ ಏನ್ ಹೇಳ್ಲಿ? ಅದಕ್ಕ ಬೇಕಂತ ಹಾರೀನಿ.”

ನಾನು ಮೊದಲ ಸಲ ಕೇಳುತ್ತಿರುವವನಂತೆ ಅವರನ್ನೇ ನೋಡಿದೆ.

“ಅವ ಸಾಯೋ ತನಕ ನನ್ನ ಯಾಮಾರ್ಸೀನಿ ಅಂತಾನ ತಿಳ್ಕೊಂಡಿದ್ದ, ಅಲ್ರಿ? ಬಜಾರದಾಗ ಎಷ್ಟ್ ಸಲ ಕೈ ಎತ್ತಿ ತೋರ್ಸಿದ! ಆದ್ರ ಒಂದು ಅನುಮಾನ ಐತಿ ನನಗ. ಟವೆಲ್ ಕೆಳಗ ಅವನ ಕೈ ಹಿಡದಾಗ ನನ್ನ ಮನಸು ಒಂಚೂರು ಸಡಲಾತು. ಕೈ ಬಿಡಾಕ ಆಗ್ಲಿಲ್ಲ ನನಗ. ದಲ್ಲಾಳಿ ಮಗ ಅವ. ಅವಗ ಗೊತ್ತಾಗಿತ್ತೇನ್ರಿ? ನಿಮಗ ಏನರ ಹೇಳಿದ್ನೇನು? ಖರೇ ಹೇಳ್ರಿ.”

ಅವರ ಕಣ್ಣು ನನ್ನ ಮುಖದ ಮೇಲೆಯೇ ಇತ್ತು. ಅರವತ್ತು ದಾಟಿದ ಮನುಷ್ಯ, ಫಲಿತಾಂಶ ಕೇಳಲು ಬಂದ ಹುಡುಗನ ಹಾಗೆ ಕಾಯುತ್ತಿದ್ದರು. ನಾನು ಅವಸರ ಮಾಡಲಿಲ್ಲ. ನೆನಪು ಮಾಡಿಕೊಳ್ಳುವವನಂತೆ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

“ಇಲ್ರಿ ಸಾವ್ಕಾರ್ರ” ಎಂದೆ. “ಅವ್ರಿಗೆ ಗೊತ್ತಾಗ್ಲಿಲ್ಲ. ಆ ದೊಡ್ಡ ಆಳನ್ನ ಹಾರಿಸಿದ್ನಿ ಅಂತ ಕಡೀತನಕ ನಮ್ಮ ಮುಂದ ಕೊಚ್ಚಿಕೊಂತಿದ್ರು.”

ಸಾಹುಕಾರರು ತೊಡೆ ತಟ್ಟಿಕೊಂಡು ನಕ್ಕರು. “ಹಂಗಾರ ನಾ ಗೆದ್ದೆ! ಕಡೀಗೂ ಒಂದ ಸಲ ಆ ಗಿಡ್ಡನ್ನ ನಾ ಯಾಮಾರ್ಸಿದೆ!” ಎಂದು ಮತ್ತೆ ಮತ್ತೆ ಹೇಳಿದರು. ನಗುತ್ತ ನಗುತ್ತಲೇ ಅವರಿಗೆ ಅಳು ಬಂತು, ಎಷ್ಟು ಒರೆಸಿಕೊಂಡರೂ ನಿಲ್ಲಲಿಲ್ಲ. ನನ್ನ ಮುಖ ಅವರಿಗೆ ಕಾಣದಂತೆ ನಾನು ಹುಡುಗಿಯರ ಆಟದ ಕಡೆ ತಿರುಗಿ ಕೂತೆ.